ಸಲಹೆಯ ‘ಇಫ್’

ಕೆಮ್ಮುತ್ತಿರುವ ಹಿರಿಯರಿಗೆ ‘ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು’ ಎನ್ನುತ್ತೇವೆ. ಆ ‘ದರೆ’ಯಲ್ಲಿಯೇ ಮರ್ಯಾದೆಯಿದೆ, ತೀರ್ಮಾನ ಅವರದಾಗಿಯೇ ಉಳಿಯುತ್ತದೆ. ಇಂಗ್ಲಿಷಿಗೆ ಹೊರಳಿದೊಡನೆ ಮಾತ್ರ ‘ಯು ಮಸ್ಟ್ ಸೀ ಎ ಡಾಕ್ಟರ್’ ಎಂದುಬಿಡುತ್ತೇವೆ. ಅದು ಅಪ್ಪಣೆಯಂತೆ ಕೇಳಿಸೀತು! ‘ಯು ಹ್ಯಾಡ್ ಬೆಟರ್’ ಎಂಬುದು ಮೃದುವೆಂದು ತೋರಿದರೂ, ‘ಇಲ್ಲದಿದ್ದರೆ ಕೆಟ್ಟೀತು’ ಎಂಬ ಎಚ್ಚರಿಕೆ ಅದರ ಬೆನ್ನಿಗೇ ಇರುತ್ತದೆ.

ಇಂಥಲ್ಲಿ ಇಂಗ್ಲಿಷರು ‘ಇಫ್ ಐ ವರ್ ಯು, ಐ ವುಡ್ ಸೀ ಎ ಡಾಕ್ಟರ್’ ಎನ್ನುವರು. ನಿಮ್ಮ ಸ್ಥಾನದಲ್ಲಿ ನಾನಿದ್ದಿದ್ದರೆ ತೋರಿಸುತ್ತಿದ್ದೆ ಎಂದರ್ಥ. ‘ಐ’ಗೆ ‘ವಾಸ್’ ತಾನೆ ಎಂದು ಕೇಳುವಿರಾ? ಆಡುಮಾತಿನಲ್ಲಿ ಅದೂ ಉಂಟು. ಆದರೆ ಈ ‘ವರ್’ ಕಳೆದ ಕಾಲದ್ದಲ್ಲ, ಬರಿಯ ಕಲ್ಪನೆಯ ಗುರುತು. ‘ಇಫ್’ ಇರುವ ಭಾಗಕ್ಕೆ ‘ವುಡ್’ ಸೇರಿಸಬೇಡಿ.

ಕೆಲವೊಮ್ಮೆ ‘ಇಫ್’ ಭಾಗವನ್ನೇ ಬಿಟ್ಟು, ‘ಐ ವುಡ್ ಸೀ ಎ ಡಾಕ್ಟರ್’ ಎಂದಷ್ಟೇ ಹೇಳುವುದುಂಟು. ಆಗ ‘ಅಗತ್ಯವಾಗಿ ಹೋಗಿಬನ್ನಿ’ ಎಂದೀರಿ! ಕಾಯಿಲೆ ಅವರದಲ್ಲ, ನಿಮ್ಮದು.