ನಡದ ಮೇಲಿನ ಭಾರ

(ಘತ್ತರಗಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಕಾಯಕದ ಬಗ್ಗೆ ಮಾತಾಡಿ ಎಂದರು. ಕಾಯಕ ಮಾಡುವ ಕಾಯದ ಬಗ್ಗೆ, ಅದರಲ್ಲೂ ನಡದ ಬಗ್ಗೆ ಮಾತಾಡುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಮೋಳಿಗೆ ಮಾರಯ್ಯನವರು ಕಟ್ಟಿಗೆ ಹೊರೆ ಹೊತ್ತವರು. ಆ ಹೊರೆಯನ್ನು ನಾವು ಎಷ್ಟೋ ಸಲ ಹೊಗಳಿದ್ದೇವೆ, ಹೊತ್ತ ಬೆನ್ನನ್ನು ವಿಚಾರಿಸಿದ್ದು ಕಡಿಮೆ. ನಾನು ಡಾಕ್ಟರ್ ಅಲ್ಲ, ನಿವೃತ್ತ ಸರ್ಕಾರಿ ಇಂಜಿನಿಯರ್. ಕಂಬ, ತೊಲೆ, ಭಾರ ಇವುಗಳ ಲೆಕ್ಕ ನನ್ನ ಕಸುಬು. ಆ ಲೆಕ್ಕವನ್ನೇ ಇವತ್ತು ಮನುಷ್ಯನ ಬೆನ್ನಿಗೆ ಹಾಕಿ ತೋರಿಸುತ್ತೇನೆ.

ಒಂದು ಸಿಮೆಂಟ್ ಚೀಲ ಅಂದರೆ 50 ಕೆಜಿ. ನೆಲದ ಮೇಲಿನ ಚೀಲವನ್ನು ಬಗ್ಗಿ ಎತ್ತುವಾಗ ಅದು ನಡದಿಂದ ಸುಮಾರು 40 ಸೆಂಟಿಮೀಟರ್ ಮುಂದೆ ಇರುತ್ತದೆ. ಅದನ್ನು ಹಿಂದಿನಿಂದ ಜಗ್ಗಿ ಹಿಡಿಯುವ ಬೆನ್ನಿನ ಸ್ನಾಯು ಬೆನ್ನುಮೂಳೆಯಿಂದ ಬರೀ 5 ಸೆಂಟಿಮೀಟರ್ ದೂರ. ತಕ್ಕಡಿಯ ನ್ಯಾಯ ಎಲ್ಲರಿಗೂ ಗೊತ್ತು. ಒಂದು ಕಡೆ ತೋಳು ಎಂಟು ಪಟ್ಟು ಉದ್ದವಾದರೆ ಇನ್ನೊಂದು ಕಡೆ ಎಂಟು ಪಟ್ಟು ಜಗ್ಗಬೇಕು. ಅಂದರೆ 400 ಕೆಜಿ. ಬಗ್ಗಿದ ನಮ್ಮದೇ ಮೈಯ ಭಾರಕ್ಕೆ ಇನ್ನೂ ನೂರಕ್ಕೂ ಹೆಚ್ಚು. ಇಷ್ಟೂ ಒತ್ತಡ ಬೀಳುವುದು ಕೆಳಬೆನ್ನಿನ ಎರಡು ಮಣಿಗಳ ನಡುವಿನ ಒಂದು ಮೆತ್ತೆಯ ಮೇಲೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಈ ಒತ್ತಡ ಸುಮಾರು 350 ಕೆಜಿ ದಾಟಬಾರದು ಎನ್ನುತ್ತದೆ. ಅನುಕೂಲವಾದ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತುವಾಗಲೂ 23 ಕೆಜಿ ಸಾಕು ಎಂಬುದು ಅವರ ಲೆಕ್ಕ. ಚೀಲವನ್ನು ಎದೆಗೆ ಅವಚಿ ಹಿಡಿದು ದೂರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ ಆ 400 ಇದ್ದದ್ದು 200 ಆಗುತ್ತದೆ. ಇದಕ್ಕೆ ಒಂದು ರೂಪಾಯಿಯ ಔಷಧ ಬೇಕಿಲ್ಲ.

ಭಾರ ಹೊತ್ತು ನೆಟ್ಟಗೆ ನಡೆಯುವುದಕ್ಕಿಂತ ನೆಲದಿಂದ ಎತ್ತುವುದೂ ಬಗ್ಗಿ ಇಳಿಸುವುದೂ ಹೆಚ್ಚು ಕೆಡುಕು. ಎತ್ತುತ್ತಲೇ ಪಕ್ಕಕ್ಕೆ ತಿರುಗಿದರೆ ಇನ್ನೂ ಕೆಡುಕು. ನಮ್ಮ ಇಲಾಖೆಯ ದರಪಟ್ಟಿಯಲ್ಲಿ ಮಣ್ಣಿನ ಕೆಲಸಕ್ಕೆ ಲೀಡ್, ಲಿಫ್ಟ್ ಅಂತ ಇರುತ್ತದೆ. 50 ಮೀಟರ್ ದೂರ, ಒಂದೂವರೆ ಮೀಟರ್ ಎತ್ತರ, ಅದಕ್ಕೆ ಇಷ್ಟು ದರ. ಒಂದು ಬುಟ್ಟಿ ಎಷ್ಟು ತೂಕ ಇರಬೇಕು, ದಿನಕ್ಕೆ ಎಷ್ಟು ಸಲ ಬಗ್ಗಬೇಕು ಎಂಬ ಕಲಮು ಅದರಲ್ಲಿಲ್ಲ.

ಇನ್ನು ನಮ್ಮ ಭೀಮಾ ದಂಡೆಯ ಹೊಲಕ್ಕೆ ಬರೋಣ. ಕಬ್ಬಿನ ಬುಡದಲ್ಲೇ ಸಕ್ಕರೆ ಹೆಚ್ಚು. ಅದಕ್ಕೇ ನೆಲಕ್ಕೆ ತಾಗಿಸಿ ಕಡಿ ಎನ್ನುತ್ತಾರೆ. ಕಡಿಯುವವರು ನಸುಕಿನಿಂದ ಬಗ್ಗಿದವರು ಬಗ್ಗಿಯೇ ಇರುತ್ತಾರೆ, ಆಮೇಲೆ ಹೊರೆ ಕಟ್ಟಿ, ತಲೆ ಮೇಲೆ ಹೊತ್ತು, ಏಣಿ ಹತ್ತಿ ಲಾರಿಗೆ ಹಾಕಬೇಕು. ಕೂಲಿ ಟನ್ನಿನ ಲೆಕ್ಕ. ಟನ್ನಿನ ಕೂಲಿಯಲ್ಲಿ ನಡಾ ನೆಟ್ಟಗೆ ಮಾಡಿ ನಿಂತ ಐದು ನಿಮಿಷವೂ ನಷ್ಟವೇ. ತೊಗರಿ ಹೊಲದಲ್ಲಿ ಗಿಡ್ಡ ಕುರ್ಪಿ ಹಿಡಿದು ಕಸ ತೆಗೆಯುವ ತಾಯಂದಿರದ್ದೂ ಇದೇ ಪಾಡು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೂಲಿಕಾರರು ಗಿಡ್ಡ ಹಿಡಿಕೆಯ ಸಲಿಕೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿ, ಕೋರ್ಟಿಗೆ ಹೋಗಿ, 1975ರಲ್ಲಿ ಅದನ್ನು ನಿಷೇಧ ಮಾಡಿಸಿದರು. ಉದ್ದ ಹಿಡಿಕೆ ಬಂತು, ಬೆಳೆಯೇನೂ ನಿಲ್ಲಲಿಲ್ಲ.

ಟ್ರ್ಯಾಕ್ಟರ್ ಓಡಿಸುವ ತಮ್ಮಂದಿರು ನಾವು ಕುಂತೇ ಕೆಲಸ ಮಾಡುತ್ತೇವೆ ಎನ್ನಬಹುದು. ಕುಂತ ಮನುಷ್ಯನ ಬೆನ್ನು ಸೆಕೆಂಡಿಗೆ ನಾಲ್ಕರಿಂದ ಆರು ಸಲದ ಕಂಪನಕ್ಕೆ ತಾನೂ ತಾಳ ಹಾಕುತ್ತದೆ. ಹೊಲದಲ್ಲಿ, ಕೆಟ್ಟ ರಸ್ತೆಯಲ್ಲಿ ಟ್ರ್ಯಾಕ್ಟರ್ ಕುಲುಕುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ. ಸೀಟಿನ ಸ್ಪ್ರಿಂಗ್ ಹೋಗಿದ್ದರೆ ಹೊಸದು ಹಾಕಿಸಿ, ಡೆಕ್ ಆಮೇಲೆ ಹಾಕಿಸಿದರಾಯಿತು. ಬೀಡಿ ಸಿಗರೇಟೂ ಬೆನ್ನಿಗೆ ವೈರಿ, ಬೊಜ್ಜೂ ವೈರಿ. ಜಗತ್ತಿನಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನಕ್ಕೆ ಕೆಳಬೆನ್ನಿನ ನೋವಿತ್ತೆಂದು ಅಂದಾಜು. ಆ ನೋವಿನಿಂದಾಗುವ ಅಂಗವೈಕಲ್ಯದ ಐದರಲ್ಲಿ ಎರಡು ಪಾಲಿಗೆ ಕೆಲಸದ ರೀತಿ, ಧೂಮಪಾನ, ಬೊಜ್ಜು ಈ ಮೂರೇ ಕಾರಣ.

ತಾಯಂದಿರೇ, ಈಗ ಹೇಳುವುದನ್ನು ಸ್ವಲ್ಪ ಲಕ್ಷ್ಯಗೊಟ್ಟು ಕೇಳಿ. 2015ರಲ್ಲಿ ನಮ್ಮ ಕಲಬುರಗಿಯಲ್ಲೇ ಒಂದು ಸಂಗತಿ ಬಯಲಿಗೆ ಬಂತು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಹೊಟ್ಟೆನೋವು, ನಡನೋವು, ಬಿಳಿಸೆರಗು ಅಂತ ಖಾಸಗಿ ದವಾಖಾನೆಗಳಿಗೆ ಹೋಗಿದ್ದರು. ಅವರಲ್ಲಿ ಬಹಳ ಮಂದಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆಯಲಾಗಿತ್ತು. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳದ್ದೂ ಇದೇ ಕಥೆ. ಬಗ್ಗಿ ಬಗ್ಗಿ ನೊಂದ ನಡಕ್ಕೆ ಗರ್ಭಕೋಶ ತೆಗೆದರೆ ನೋವು ಹೋಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಎಲುಬು ಬೇಗ ಸವೆದು ನೋವು ಇಮ್ಮಡಿಯಾಗುತ್ತದೆ. ನಡನೋವಿಗೆ ಯಾರಾದರೂ ಆಪರೇಷನ್ ಅಂದರೆ ಅವತ್ತೇ ಸಹಿ ಮಾಡಬೇಡಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಸ್ಕ್ಯಾನ್ ನೋಡಿಯೂ ಹೆದರಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಮೆತ್ತೆ ಉಬ್ಬಿರುವುದು ಕಾಣುತ್ತದೆ. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 30, ಎಂಬತ್ತರವರಲ್ಲಿ 84. ನಡನೋವಿನಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಇಂಥದ್ದೇ ರೋಗ ಎಂದು ಹೆಸರಿಡಲಾಗದು. ಬಹಳಷ್ಟು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದು ಹಳೇ ಸಲಹೆ, ಈಗ ಆದಷ್ಟು ಓಡಾಡಿಕೊಂಡಿರಿ ಎನ್ನುತ್ತಾರೆ. ಆದರೆ ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿತ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದಕ್ಕೆ ಸರ್ಕಾರದ ಮಾತ್ರೆ ಉಚಿತ. ನರ ತಿಕ್ಕುವವರ ಹತ್ತಿರ ಹೋಗಿ ಕಾಲ ಕಳೆಯಬೇಡಿ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆ, ಗಾಯವಾಗುವಷ್ಟು ಭಾರ ಹೊರಿಸಬಾರದು ಎಂದಿತ್ತು. ಅದು ಕಾರ್ಖಾನೆಯ ಗೇಟಿನ ಒಳಗೆ. ಹೊಲಕ್ಕೆ ಅದು ಬರಲಿಲ್ಲ. ಜರ್ಮನಿಯಲ್ಲಿ 1993ರಿಂದ ವರ್ಷಗಟ್ಟಲೆ ಭಾರ ಎತ್ತಿ ಕೆಟ್ಟ ಕೆಳಬೆನ್ನು ವೃತ್ತಿರೋಗ, ಅದಕ್ಕೆ ಪರಿಹಾರ ಉಂಟು. ನಮ್ಮಲ್ಲಿ 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕೆಜಿಗೆ ಇಳಿಯಿತು. ಅದೂ ಗೊಬ್ಬರದ ಬಳಕೆ ತಗ್ಗಲಿ ಎಂದು, ಹಮಾಲನ ನಡಾ ಉಳಿಯಲಿ ಎಂದಲ್ಲ!

ಸರ್ಕಾರಕ್ಕಿಂತ ಮೊದಲು ಮಠಗಳು ಮಾಡಬಹುದಾದದ್ದಿದೆ. ದಾಸೋಹದ ಅಕ್ಕಿ, ಬೇಳೆಯನ್ನು 25 ಕೆಜಿ ಚೀಲದಲ್ಲೇ ತರಿಸಿ, ಭಕ್ತರಿಗೂ ಹಾಗೇ ತರಲು ಹೇಳಿ. ಅಂಗಳ ಗುಡಿಸುವ ಅಕ್ಕಂದಿರಿಗೆ ಉದ್ದ ಕೋಲಿನ ಕಸಬರಿಗೆ ಕೊಡಿ. ದೊಡ್ಡ ಹಂಡೆಯನ್ನು ಇಬ್ಬರು ಎತ್ತದೆ ನಾಲ್ವರು ಎತ್ತಲಿ. ಉಗ್ರಾಣದ ಮುಂದೆ ಟ್ರ್ಯಾಲಿಯ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿ, ಒಳಗೆ ಚೀಲ ಇಡುವ ಜಾಗವೂ ಅದೇ ಮಟ್ಟಕ್ಕೆ ಇರಲಿ. ಚೀಲ ಆ ಮಟ್ಟದಲ್ಲೇ ಒಳಗೆ ಹೋಗುತ್ತದೆ, ನೆಲದಿಂದ ಎತ್ತುವ ಪ್ರಸಂಗವೇ ಇಲ್ಲ. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಟ್ರ್ಯಾಲಿಗಳ ಎತ್ತರ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅಳತೆ ತೆಗೆದುಕೊಂಡು ಬಂದರೆ ನಕ್ಷೆಯನ್ನು ನಾನು ಹಾಕಿಕೊಡುತ್ತೇನೆ.