ಒತ್ತಕ್ಷರ ಓದುವ ಕಣ್ಣುಗಳು



"ಮೊಬೈಲ್ ಕೆಳಗಿಡು, ಕಣ್ಣು ಹಾಳಾಗುತ್ತೆ" ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಆದರೆ ಮಸ್ಕತ್‌ನಲ್ಲಿರುವ ನಮಗೆ ಕನ್ನಡ ಬರುವುದೂ ಅದೇ ಮೊಬೈಲಿನಲ್ಲಿ. ಊರಿನ ಅಜ್ಜಿ ಮಾತಾಡುವುದು ಅದರಲ್ಲಿ, ಮನೆಪಾಠ ಬರುವುದು ಅದರ ವಾಟ್ಸಾಪ್‌ನಲ್ಲಿ. ಹಾಗಾಗಿ ಕೆಳಗಿಡು ಎಂದರಷ್ಟೇ ಸಾಲದು.

ಮೊದಲು ಒಂದು ಸಮಾಧಾನದ ಮಾತು. ಪರದೆ ನೋಡಿದ ಮಾತ್ರಕ್ಕೆ ಕಣ್ಣು ಹೋಗುವುದಿಲ್ಲ. ಉರಿ, ಮಬ್ಬು, ತಲೆನೋವು ಬರುತ್ತವೆ, ನಿಜ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು ಪರದೆಯ ಮುಂದೆ ಅದರ ಅರ್ಧದಷ್ಟೂ ಬಡಿಯದೆ ಕೂತಿರುತ್ತೇವೆ. ಕಣ್ಣಿನ ಮೇಲಿನ ನೀರಿನ ಪದರ ಆರುತ್ತದೆ. ಏಸಿಯ ಒಣಗಾಳಿ ಅದನ್ನು ಇನ್ನೂ ಬೇಗ ಆರಿಸುತ್ತದೆ. ಜೊತೆಗೆ, ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಬಿಗಿಯಾಗುತ್ತದೆ. ದೂರ ನೋಡಿದಾಗಲೇ ಅದಕ್ಕೆ ಬಿಡುವು.

ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. 'ರಾಷ್ಟ್ರ' ಎಂದು ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು! ಪುಸ್ತಕದ ಪುಟದ ಫೋಟೋ ಫೋನಿನಲ್ಲಿ ತೆರೆದರೆ ಆ ಒತ್ತುಗಳು ಇರುವೆಯಷ್ಟಾಗುತ್ತವೆ. ಚಿಕ್ಕ ತರಗತಿಯ ಮಕ್ಕಳು ಆಗ ಫೋನನ್ನು ಮೂಗಿನ ಹತ್ತಿರ ತರುತ್ತಾರೆ. ಹತ್ತಿರ ತಂದಷ್ಟೂ ಸ್ನಾಯುವಿಗೆ ದುಡಿಮೆ ಹೆಚ್ಚು. ಹತ್ತು ನಿಮಿಷಕ್ಕೆ "ಅಕ್ಕಾ, ಕನ್ನಡ ಓದಿದ್ರೆ ತಲೆನೋವು" ಅಂತಾರೆ. ನನಗೆ ಭಯವಾಗುವುದು ಆ ಮಾತಿಗೆ. ನೋವು ಅಕ್ಷರದ ಗಾತ್ರದಿಂದ, ಮಗು ದೂರುವುದು ಭಾಷೆಯನ್ನು.

ನಾವಿರುವ ಒಮಾನ್, ಕುರುಡು ತರುವ ಟ್ರಕೋಮಾ ರೋಗವನ್ನು ಹತೋಟಿಗೆ ತಂದು, 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಮೊದಲ ದೇಶ. ಆ ರೋಗ ತಡೆಯಲು ಔಷಧಿಯಷ್ಟೇ ಮುಖ ತೊಳೆಯುವ ಅಭ್ಯಾಸವೂ ಬೇಕು. ನಾನು ಕೇಳುವುದೂ ಅಂಥ ಸಣ್ಣ ಸಂಗತಿಗಳನ್ನೇ.

ಗುರುಗಳೇ, ಚಿಕ್ಕ ಮಕ್ಕಳ ಪಾಠವನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಕೊಡಿ. ಅಪ್ಪ ಅಮ್ಮಂದಿರೇ, ಅಜ್ಜಿಯ ಕರೆಯನ್ನು ಟಿವಿಗೆ ಜೋಡಿಸಿ. ಮಕ್ಕಳು ಸೋಫಾದಿಂದಲೇ ಮಾತಾಡಲಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗೆ 20 ಸೆಕೆಂಡು ನೋಡಿ ಎನ್ನುತ್ತಾರೆ ವೈದ್ಯರು. ಮಸ್ಕತ್‌ನಲ್ಲಿ ಅದಕ್ಕೇನು ಕಷ್ಟ, ತಾರಸಿಗೆ ಹೋದರೆ ಬೆಟ್ಟಗಳೇ ಕಾಣುತ್ತವೆ.

ಸಮೀಪದೃಷ್ಟಿಯ ಮಾತು ಬೇರೆ. ಹಗಲು ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಅದು ಶುರುವಾಗುವುದು ಕಡಿಮೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲಲ್ಲಿ ದುಡಿಯುವವರಿಗೇ ಮಧ್ಯಾಹ್ನ ಕೆಲಸ ನಿಲ್ಲಿಸಬೇಕೆಂಬ ಕಾನೂನಿರುವ ದೇಶವಿದು. ಮಕ್ಕಳಿಗೆ ಹೊರಗೆ ಆಡು ಎನ್ನುವುದು ಹೇಗೆ? ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಆ ನೆಪ ನಡೆಯದು. ಆ ತಿಂಗಳುಗಳಲ್ಲಿ ನಮ್ಮ ತರಗತಿಯ ಕೊನೆಯ ಅರ್ಧ ಗಂಟೆ ಹೊರಗೆ, ಮರದ ನೆರಳಲ್ಲಿ ನಡೆಯಲಿ. ಪುಸ್ತಕ ಬೇಡ, ಫೋನೂ ಬೇಡ. ಬಾಯಿಪಾಠದ ಮಗ್ಗಿ, ಒಗಟು, ಯಾರಾದರೊಬ್ಬರು ಹೇಳುವ ಕಥೆ ಸಾಕು. ಮುಂದಿನ ವರ್ಷ ನಾನು ವಿದ್ಯಾರ್ಥಿಯಾಗಿ ಇರುವುದಿಲ್ಲ. ಕಥೆ ಹೇಳಲು ಕರೆದರೆ ಬರುತ್ತೇನೆ.