ಅನುಮಾನವೂ ಅಂದಾಜೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯೇರಿದರೆಂದರೆ ಪಂಪನೋ ಕುಮಾರವ್ಯಾಸನೋ ಹಿಂದೆಯೇ ಬರುವರೆಂಬುದು ಸಭಿಕರ ನಿರೀಕ್ಷೆ. ಇಂದು ನಾವು ಕರೆತಂದಿರುವ ಅತಿಥಿಯಾದರೋ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸಿನಲ್ಲಿದ್ದ ಪಾದ್ರಿ, ಥಾಮಸ್ ಬೇಯ್ಸ್. ಈತನು ೧೭೬೧ರಲ್ಲಿ ಕಾಲವಾದ ಮೇಲೆ ಕಾಗದಪತ್ರಗಳ ನಡುವೆ ದೊರೆತ ಪ್ರಬಂಧವೊಂದನ್ನು ಮಿತ್ರನಾದ ರಿಚರ್ಡ್ ಪ್ರೈಸ್ ೧೭೬೩ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಅದರ ವಿಷಯ ಅನುಮಾನ.

ಈ ಪದದ ಸ್ವಾರಸ್ಯವನ್ನು ತಾವು ಗಮನಿಸಬೇಕು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಪ್ರಮಾಣ; ಹೊಗೆಯಿಂದ ಬೆಂಕಿಯನ್ನು ನಿಶ್ಚಯಿಸುವ ಸಾಧನ. ನಮ್ಮ ಮನೆಗಳಲ್ಲಿ ಅನುಮಾನವೆಂದರೆ ಬರಿಯ ಸಂಶಯ. ನಾವು ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ ಈ ಎರಡನ್ನೂ ಬೇಯ್ಸನು ಒಂದೇ ಎಲೆಯಲ್ಲಿ ಬಡಿಸಿದನು. ಸಂಶಯವನ್ನು ಅಳೆಯುವುದು, ಸಾಕ್ಷಿ ಕಂಡಾಗ ಆ ಅಳತೆಯನ್ನು ತಿದ್ದಿಕೊಳ್ಳುವುದು, ಇದೇ ಆತನ ಮಾರ್ಗ.

೧೦೦ ಮುಂಜಾವುಗಳಲ್ಲಿ ೧೦ರಂದು ಗುಡ್ಡಕ್ಕೆ ಬೆಂಕಿ ಬಿದ್ದಿರುವುದೆಂದೂ, ಆ ೧೦ರಲ್ಲಿ ೯ ಸಲ ಹೊಗೆ ಕಾಣುವುದೆಂದೂ, ಉಳಿದ ೯೦ರಲ್ಲಿ ೧೮ ಸಲ ಮಂಜೇ ಹೊಗೆಯಂತೆ ತೋರುವುದೆಂದೂ ಇಟ್ಟುಕೊಳ್ಳೋಣ. ಹೊಗೆ ಕಂಡಂತಾದ ೨೭ ಮುಂಜಾವುಗಳಲ್ಲಿ ಬೆಂಕಿಯಿರುವುದು ೯ರಲ್ಲಿ ಮಾತ್ರ. ಕೊಡವೆತ್ತಿಕೊಂಡು ಓಡುವವರು ಓಡಲಿ. ಆದರೆ ಊರನ್ನೆಲ್ಲ ಎಬ್ಬಿಸುವ ಮುನ್ನ ಮತ್ತೊಮ್ಮೆ ನೋಡಲಿ.

ಇಷ್ಟು ಸುಲಭವಾದರೆ ಅಂದಾಜೇಕೆ ಎನ್ನುವಿರಿ. ತೊಡಕಿರುವುದು ಆ ೨೭ನ್ನು ಎಣಿಸುವುದರಲ್ಲಿಯೇ. ಸಾಕ್ಷಿಯು ಒದಗಬಹುದಾದ ಎಲ್ಲ ದಾರಿಗಳನ್ನೂ ಕೂಡಿಸಬೇಕಷ್ಟೆ? ಹೌದು-ಅಲ್ಲವೆಂಬ ಸಂಶಯಗಳು ೨೦ ಇದ್ದರೆ ದಾರಿಗಳು ೧೦,೪೮,೫೭೬. ಸಂಶಯಗಳು ೫೦ ಆದರೆ, ಒಂದರ ಮುಂದೆ ೧೫ ಸೊನ್ನೆಗಳನ್ನಿಟ್ಟರೂ ಸಾಲದು. ಚಿತ್ರಗುಪ್ತನೂ ಲೇಖನಿಯನ್ನು ಕೆಳಗಿಟ್ಟಾನು. ಆದುದರಿಂದಲೇ ಪಂಡಿತರು ಅಂದಾಜಿನ ಮೊರೆಹೊಕ್ಕರು.

ಮೊದಲಿಗನು ಫ್ರಾನ್ಸಿನ ಲಾಪ್ಲಾಸ್. ಸಂಭವಗಳನ್ನೆಲ್ಲ ಒಂದು ಗುಡ್ಡವೆಂದು ಭಾವಿಸಿ, ಅದರ ಶಿಖರವನ್ನು ಕಂಡು, ಅಲ್ಲಿನ ಬಾಗನ್ನಷ್ಟೇ ಅಳೆದು, ಮೇಲೊಂದು ಗಂಟೆಯನ್ನು ಬೋರಲು ಹಾಕುವುದು ೧೭೭೪ರ ಈತನ ಉಪಾಯ. ಭುಜವನ್ನು ಮಾತ್ರ ಅಳೆದು ಇಡೀ ಅಂಗಿಯನ್ನು ಹೊಲಿಯುವ ದರ್ಜಿಯ ಜಾಣ್ಮೆಯಿದು. ಮೈ ಸಮನಾಗಿದ್ದವರಿಗೆ ಒಪ್ಪುತ್ತದೆ. ಹೊಟ್ಟೆ ಮುಂದೆ ಬಂದವರಿಗೆ ಗುಂಡಿ ಹಾರುತ್ತದೆ.

ಎರಡನೆಯದು ಮಾಂಟೆ ಕಾರ್ಲೊ. ೧೯೪೬ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಸ್ಟಾನಿಸ್ಲಾವ್ ಉಲಾಂ, ಒಬ್ಬನೇ ಆಡುವ ಇಸ್ಪೀಟಿನಲ್ಲಿ ಗೆಲುವಿನ ಸಂಭವವೆಷ್ಟೆಂದು ಲೆಕ್ಕಹಾಕಿ ದಣಿದು, ಹಲವು ಸಲ ಆಡಿ ಎಣಿಸುವುದೇ ಲೇಸೆಂದು ಕಂಡನು. ಜೂಜಿನ ಊರಿನ ಹೆಸರೇ ಮಾರ್ಗಕ್ಕೆ ನಿಂತಿತು. ಇಸ್ಪೀಟು ಮುಟ್ಟಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ನಾವು ಈ ಕಥೆಯನ್ನು ತರಗತಿಯಲ್ಲಿ ಹೇಳುವುದು ಹೇಗೆ?

೧೯೫೩ರಲ್ಲಿ ಮೆಟ್ರೊಪಾಲಿಸ್ ಮತ್ತು ಸಂಗಡಿಗರು ಇದಕ್ಕೊಬ್ಬ ಅಲೆಮಾರಿಯನ್ನು ಗೊತ್ತುಮಾಡಿದರು. ಮುಂದಿನ ಹೆಜ್ಜೆ ಏರುವುದಾದರೆ ಇವನು ಏರುತ್ತಾನೆ. ಇಳಿಯುವುದಾದರೆ ಕವಡೆ ಹಾಕಿ, ಒಮ್ಮೆ ಇಳಿದು, ಒಮ್ಮೆ ನಿಂತಲ್ಲೇ ನಿಲ್ಲುತ್ತಾನೆ. ಎರಡು ಎತ್ತರಗಳ ಪ್ರಮಾಣವಷ್ಟೇ ಇವನಿಗೆ ಸಾಕಾದುದರಿಂದ ಆ ಕೂಡಿಸಲಾರದ ಮೊತ್ತದ ಗೊಡವೆಯೇ ಇಲ್ಲ. ಎಲ್ಲಿ ಎಷ್ಟು ಕಾಲ ಕಳೆದನೋ ಅದೇ ಉತ್ತರ. ಎಂದು ನಿಲ್ಲಿಸಬೇಕೆಂಬುದೊಂದೇ ಕಷ್ಟ. ಹರಿಕಥೆಯ ದಾಸರನ್ನು ಆ ಪ್ರಶ್ನೆ ಕೇಳಿದವರಿಗೆ ಇದು ಅರ್ಥವಾದೀತು.

ಇಂತಹ ನಡಿಗೆಯನ್ನು ೧೯೯೦ರಲ್ಲಿ ಬೇಯ್ಸನ ಅನುಯಾಯಿಗಳ ನಡುವೆ ರೂಢಿಗೆ ತಂದವರು ಗೆಲ್ಫಾಂಡ್ ಮತ್ತು ಸ್ಮಿತ್. ಅಂದಾಜಿನ ತೂಗಾಟವನ್ನು ತಗ್ಗಿಸಲು ಅವರಿಗೆ ನೆರವಾದುದು ರಾವ್-ಬ್ಲಾಕ್‌ವೆಲ್ ಪ್ರಮೇಯದ ವಿಚಾರ. ಆ ರಾವ್ ೧೯೨೦ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಎಂಬುದು ನಮಗೆ ಸಂತೋಷದ ಸಂಗತಿ.

ಮೂರನೆಯದು ವೇರಿಯೇಷನಲ್ ವಿಧಾನ. ಲೆಕ್ಕಕ್ಕೆ ಒಗ್ಗುವ ಸರಳ ಗುಡ್ಡಗಳಲ್ಲಿ ನಿಜವಾದ ಗುಡ್ಡಕ್ಕೆ ಅತಿ ಸಮೀಪವಾದುದನ್ನು ಆರಿಸಿಕೊಳ್ಳುವುದು. ಶ್ರೀರಾಮಚಂದ್ರನಂತಹ ಅಳಿಯ ಬೇಕೆಂದು ಹೊರಟವರು ಪಕ್ಕದೂರಿನ ಗುಮಾಸ್ತನಿಗೆ ಒಪ್ಪಿದಂತೆ. ಕೆಲಸ ಬೇಗ ಮುಗಿಯುವುದುಂಟು. ಆದರೆ ರೂಢಿಯಲ್ಲಿರುವ ಇದರ ರೂಪಕ್ಕೆ ಆತ್ಮವಿಶ್ವಾಸ ಹೆಚ್ಚು. ಶಿಖರಗಳು ಎರಡಿದ್ದಲ್ಲಿ ಅನೇಕ ವೇಳೆ ಒಂದರ ಮೇಲೆಯೇ ಕುಳಿತು, ಇನ್ನೊಂದು ಇಲ್ಲವೇ ಇಲ್ಲವೆಂಬಂತೆ ವರದಿ ಬರೆಯುತ್ತದೆ. ನಡುವಣ ಕಣಿವೆ ಆಳವಾದರೆ ನಮ್ಮ ಅಲೆಮಾರಿಯೂ ಈಚೆಯ ಗುಡ್ಡದಲ್ಲಿಯೇ ಸುತ್ತುತ್ತಿರುತ್ತಾನೆ.

ಬಂಧುಗಳೇ, ಆ ಎರಡನೆಯ ಗುಡ್ಡ ನಮಗೆ ಅಪರಿಚಿತವಲ್ಲ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದಾರೆ. ಜನಗಣತಿಯ ಮಾತೃಭಾಷೆಯ ಅಂಕಣ ಹಿಡಿಸುವುದು ಒಂದೇ ಹೆಸರನ್ನು. ಆ ಅಂಕಣವೊಂದನ್ನೇ ನೋಡಿ, ಇಲ್ಲಿ ಕನ್ನಡ ತರಗತಿಯೂ ಕನ್ನಡ ಅಧ್ಯಾಪಕರೂ ಎಷ್ಟು ಬೇಕೆಂದು ಅಂದಾಜಿಸಿದರೆ ಈ ಮಕ್ಕಳು ಲೆಕ್ಕದಿಂದ ಜಾರುತ್ತಾರೆ. ಅಲ್ಲಿ ಯಾರೊಬ್ಬರ ದ್ವೇಷವೂ ಬೇಕಾಗಿಲ್ಲ. ಒಂದೇ ಶಿಖರವನ್ನು ಕಾಣುವ ಲೆಕ್ಕವಿದ್ದರೆ ಸಾಕು.

ಹಾಗೆಂದು ಅಂದಾಜನ್ನು ಹಳಿಯಲಾಗದು. ಅದಿಲ್ಲದೆ ಆಡಳಿತವೂ ಇಲ್ಲ, ಅಡುಗೆಯೂ ಇಲ್ಲ. ಬಲ್ಲವರು ಒಬ್ಬ ಅಲೆಮಾರಿಯನ್ನು ನೆಚ್ಚದೆ ಹಲವರನ್ನು ಬೇರೆಬೇರೆ ಕಡೆಗಳಿಂದ ಹೊರಡಿಸುತ್ತಾರೆ. ಅವರ ವರದಿಗಳು ಕೂಡದಿದ್ದರೆ ಲೆಕ್ಕವನ್ನು ನಂಬುವುದಿಲ್ಲ. ಅಂತಹ ಒಬ್ಬನು ನಮ್ಮ ಶಾಲೆಗಳ ಬಾಗಿಲಿನಿಂದಲೂ ಹೊರಡಲಿ. ಯಾವ ಮಗು ಮನೆಯಲ್ಲಿ ಏನನ್ನಾಡುತ್ತದೆ, ಶಾಲೆಯಲ್ಲಿ ಏನನ್ನೋದುತ್ತದೆ ಎಂಬ ಪಟ್ಟಿಯನ್ನು ನಮ್ಮ ಸಂಘವು ಊರೂರಿನಲ್ಲಿ ಬರೆದಿಡಲಿ. ತಿಳಿಯದ ಕಡೆ ತಿಳಿಯದೆಂದೇ ಬರೆಯಲಿ. ಉಬ್ಬಿಸಿದ ಸಂಖ್ಯೆಯಿಂದ ನಮಗೂ ಹಿತವಿಲ್ಲ. ಮುಂದಿನ ವಾರ್ಷಿಕೋತ್ಸವದೊಳಗೆ ಆ ಪಟ್ಟಿ ಸಿದ್ಧವಾಗಲೆಂದು ಪ್ರಾರ್ಥಿಸುತ್ತೇವೆ.